ಟ್ರಂಕಿನಲ್ಲಿ ಬಂದ ಲಿಂಗ

ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ನನ್ನನ್ನು ಹುಡುಕಿಕೊಂಡು ಜಹೀರಾಬಾದಿಗೆ ಬರುತ್ತಾರೆ. ಚಹಾ ಕುಡಿಯುತ್ತಾರೆ, ಸುತ್ತ ಗೋಡೆ ನೋಡುತ್ತಾರೆ, ಆಮೇಲೆ ದನಿ ತಗ್ಗಿಸಿ ಕೇಳುತ್ತಾರೆ: ‘ಮೇಡಂ, ನೀವು ಗೂಢಚಾರಿಕೆ ಮಾಡ್ತಿದ್ರಾ?’ ನನಗೆ ಮೈಯೆಲ್ಲ ಉರಿಯುತ್ತದೆ. ಗೂಢಚಾರ ಯಾರಿಗೂ ಕಾಣದ ಹಾಗೆ ಮನೆ ಹೊಗುತ್ತಾನೆ. ನಾನು ಅಂಗಳದಲ್ಲಿ ಚಪ್ಪಲಿ ಬಿಟ್ಟು, ಕಾಲು ತೊಳೆದು, ನೀರು ಕೇಳಿ ಕುಡಿದು ಹೊಗುತ್ತಿದ್ದೆ. ಎಷ್ಟೋ ಸಲ ನಾಯಿಯಿಂದ ಕಚ್ಚಿಸಿಕೊಂಡೂ ಹೊಕ್ಕಿದ್ದೇನೆ.

ಸಂಸ್ಥೆಯ ಹೆಸರು ಉದ್ದವಾದದ್ದು. ಅಂತಾರಾಷ್ಟ್ರೀಯ, ಭದ್ರತೆ, ರಕ್ಷಣೆ, ಅಧ್ಯಯನ ಎಂಬ ನಾಲ್ಕೂ ಮಾತು ಅದರಲ್ಲಿದ್ದವು. ಪೂರ್ತಿ ಹೆಸರು ಬರೆಯುವುದಿಲ್ಲ. ದೊಡ್ಡ ಕಚೇರಿ ಚಳಿಯ ದೇಶವೊಂದರಲ್ಲಿತ್ತು, ಸಣ್ಣದು ಹೈದರಾಬಾದಿನಲ್ಲಿ. ಮೇಲಿನ ಮಹಡಿಯಲ್ಲಿ ಕ್ಷಿಪಣಿ, ಜಲಾಂತರ್ಗಾಮಿ, ಗಡಿಯ ನಕಾಶೆ ಇವುಗಳ ಪಂಡಿತರು ಕೂರುತ್ತಿದ್ದರು. ನಾವು ಕೆಳಗಿನವರು. ಯುದ್ಧಕ್ಕೆ ಹೋದವನು ಸತ್ತಾಗ ಸುದ್ದಿ ಮನೆಗೆ ಹೇಗೆ ಬರುತ್ತದೆ, ಯಾರು ತರುತ್ತಾರೆ, ಏನು ಹೇಳುತ್ತಾರೆ, ಏನನ್ನು ಬಿಡುತ್ತಾರೆ, ಆ ಮನೆ ಆಮೇಲೆ ಹೇಗೆ ಬದುಕುತ್ತದೆ ಎಂಬುದು ನಮ್ಮ ವಿಷಯ. ಬೇರೆ ಬೇರೆ ದೇಶಗಳಲ್ಲಿ ಇದೇ ಅಧ್ಯಯನ ನಡೆದಿತ್ತು. ಜಹೀರಾಬಾದ್, ನಾರಾಯಣಖೇಡ, ತಾಂಡೂರು ಈ ಮೂರು ಕಡೆಯ ಹಳ್ಳಿಗಳು ನನ್ನ ಪಾಲಿಗೆ ಬಂದವು. ನನ್ನ ಓದಿಗಿಂತ ನನ್ನ ನಾಲಿಗೆ ನೋಡಿ ಕೆಲಸ ಕೊಟ್ಟರು ಅನ್ನಬೇಕು. ನಮ್ಮ ಕಡೆ ಜನ ಕಚೇರಿಯವರ ಜೊತೆ ತೆಲುಗು ಮಾತಾಡುತ್ತಾರೆ, ಬಜಾರಿನಲ್ಲಿ ದಖನಿ ಉರ್ದುವಿನಲ್ಲಿ ಜಗಳಾಡುತ್ತಾರೆ, ಮನೆಯೊಳಗೆ ಬಂದು ಕನ್ನಡದಲ್ಲಿ ಅಳುತ್ತಾರೆ. ಮೂರಕ್ಕೂ ಒಬ್ಬಳೇ ಸಿಕ್ಕಳಲ್ಲ ಎಂದು ಅವರಿಗೆ ಖುಷಿ.

ನೆಂಟರಿಗೆ ಮಾತ್ರ ಖುಷಿಯಾಗಲಿಲ್ಲ. ‘ನೀಲಾ ಸಿಐಡಿ ಸೇರ್ಯಾಳಂತ’ ಎಂದು ನಮ್ಮ ಸೋದರತ್ತೆ ಮದುವೆ ಮನೆಯಲ್ಲಿ ಸಾರಿದ್ದೇ ಸಾರಿದ್ದು, ನಾನು ಹೋಗಿ ಕೂತ ಕಡೆ ಹೊಲದ ಮಾತು, ಬಂಗಾರದ ಮಾತು ಎರಡೂ ನಿಂತು ಮಳೆಯ ಮಾತು ಶುರುವಾಗುತ್ತಿತ್ತು. ಅದೂ ಬೇಸಿಗೆಯಲ್ಲಿ.

ನನ್ನ ಮೇಲಧಿಕಾರಿ ನಿವೃತ್ತ ಕರ್ನಲ್ ಒಬ್ಬರು. ಕಡ್ಡಿ ಮುರಿದ ಹಾಗೆ ಮಾತು. ಸೇರಿದ ದಿನವೇ ನನ್ನನ್ನು ನಿಲ್ಲಿಸಿಕೊಂಡು ಹಿಂದಿಯಲ್ಲಿ ಹೇಳಿದರು: ‘ಯಾರಿಗೂ ಏನನ್ನೂ ಕೊಡಿಸುತ್ತೇನೆಂದು ಮಾತು ಕೊಡಬೇಡಿ. ಒಬ್ಬರ ಮನೆಯ ಮಾತನ್ನು ಇನ್ನೊಬ್ಬರ ಮನೆಗೆ ಒಯ್ಯಬೇಡಿ. ಅಳು ಬಂದರೆ ಹಿತ್ತಲಿಗೆ ಹೋಗಿ ಎಮ್ಮೆ ನೋಡಿ ಬನ್ನಿ.’ ಎರಡನೆಯದೇ ಈ ವೃತ್ತಿಯ ಬೆನ್ನೆಲುಬು, ಹುಡುಗರೇ. ಮಾತು ಮನೆಯಿಂದ ಮನೆಗೆ ಹೋಯಿತೆಂದರೆ ನಾಳೆಯಿಂದ ಯಾರೂ ನಿಮಗೆ ಬಾಯಿ ಬಿಡುವುದಿಲ್ಲ. ಮೂರನೆಯದರ ಬಗ್ಗೆ ಹೇಳುವುದಾದರೆ, ನಾರಾಯಣಖೇಡದ ಸುತ್ತಲಿನ ಎಮ್ಮೆಗಳೆಲ್ಲ ನನ್ನ ಮುಖ ಬಲ್ಲವು.

ದೊಡ್ಡ ಕಚೇರಿಯ ವಿದ್ವಾಂಸರು ಒಮ್ಮೆ ದುಃಖ ಅಳೆಯುವ ಪ್ರಶ್ನೆಪತ್ರ ಕಳಿಸಿದರು. ನಿಮ್ಮ ದುಃಖ ಒಂದರಿಂದ ಐದರವರೆಗೆ ಎಷ್ಟು? ಬೊಮ್ರಾಸಪೇಟ ಕಡೆಯ ಒಬ್ಬ ಮುದುಕನನ್ನು ಕೇಳಿದೆ, ಕೇಳಲೇಬೇಕಿತ್ತು. ಅವನು ತನ್ನ ಬಲಗೈ ಮುಂದೆ ಚಾಚಿ ಐದು ಬೆರಳನ್ನೂ ನೋಡಿಕೊಂಡ. ‘ಇಷ್ಟರಾಗ ಹೇಳಂತೀ ಏನು ತಾಯಿ?’ ಅಂದವನು ಎದ್ದು ಎತ್ತಿಗೆ ಮೇವು ಹಾಕಲು ಹೋದ. ನಾನು ಹೊರಡುವ ತನಕ ಕೊಟ್ಟಿಗೆಯಿಂದ ಬರಲಿಲ್ಲ. ನಾನು ಸಿಟ್ಟಿನಲ್ಲಿ ಉದ್ದ ಟಿಪ್ಪಣಿ ಬರೆದು ಕಳಿಸಿದೆ. ಮುಂದಿನ ವರ್ಷ ಅವರು ತಿದ್ದಿ ಕಳಿಸಿದರು. ಒಂದರಿಂದ ಹತ್ತರವರೆಗೆ.

ಸುದ್ದಿ ಬರುವ ರೀತಿಯೂ ನನ್ನ ಕಣ್ಣೆದುರೇ ಬದಲಾಯಿತು. ಮೊದಲು ತಂತಿ ಬರುತ್ತಿತ್ತು, ಓದಲು ಬರುವವರನ್ನು ಹುಡುಕಿಕೊಂಡು ಮನೆಯವರು ಓಡುತ್ತಿದ್ದರು. ಆಮೇಲೆ ಪಂಚಾಯಿತಿ ಕಟ್ಟೆಯ ಫೋನು. ಈಗ ಅಧಿಕಾರಿ ಜೀಪು ಹತ್ತುವ ಮೊದಲೇ ಮೊಬೈಲಿನಲ್ಲಿ ಫೋಟೋ ಬಂದಿರುತ್ತದೆ. ತಾಂಡೂರಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಪಾಲಿಶ್ ಮಾಡುವ ಒಬ್ಬ ತಂದೆ, ಮಗನ ಫೋಟೋಕ್ಕೆ ಹಾರ ಹಾಕಿದ್ದನ್ನು ಪಕ್ಕದ ಮೆಷಿನ್ನಿನವನ ಮೊಬೈಲಿನಲ್ಲಿ ನೋಡಿದ. ಮೆಷಿನ್ ನಿಲ್ಲಿಸಲಿಲ್ಲ. ಕೈಯಲ್ಲಿದ್ದ ಕಲ್ಲನ್ನು ಪೂರ್ತಿ ಪಾಲಿಶ್ ಮಾಡಿ ಇಳಿಸಿದ ಮೇಲೆ ಮನೆಗೆ ನಡೆದ. ಯಾಕೆ ಎಂದು ಕೇಳಿದ್ದಕ್ಕೆ, ‘ಅರ್ಧಕ್ಕ ಬಿಟ್ರ ಕಲ್ಲಿಗಿ ಗೆರಿ ಬೀಳ್ತಾವ್ರಿ’ ಅಂದ. ಅದನ್ನು ಹೇಳುವಾಗಲೂ ಅವನ ರೆಪ್ಪೆಯ ಮೇಲೆ ಕಲ್ಲಿನ ಹಿಟ್ಟು ಕೂತಿತ್ತು. ಈಗಿನವರು ಇಂಥವನ ಎದುರು ಕೂತು ಟ್ಯಾಬಿನ ಪರದೆ ನೋಡುತ್ತ ಗುಂಡಿ ಒತ್ತುತ್ತಾರೆ. ತಲೆ ಎತ್ತಿ ಮುಖ ನೋಡ್ರೋ ಮಾರಾಯರೇ, ಕಲ್ಲಿನ ಹಿಟ್ಟು ಟ್ಯಾಬಿನಲ್ಲಿ ಕಾಣುವುದಿಲ್ಲ.

ಇನ್ನು ನಾನು ಹೇಳಬೇಕೆಂದು ಕೂತದ್ದಕ್ಕೆ ಬರುತ್ತೇನೆ. ಹೆಸರುಗಳನ್ನು ಬದಲಿಸಿದ್ದೇನೆ, ಊರ ಹೆಸರನ್ನು ಬಿಟ್ಟಿದ್ದೇನೆ. ಕಲ್ಹೇರಿನ ಹತ್ತಿರದ ಒಂದು ಹಳ್ಳಿ ಅಂದುಕೊಳ್ಳಿ.

ನಮ್ಮ ಅಧ್ಯಯನದಲ್ಲಿ ಶವದ ಪೆಟ್ಟಿಗೆ ತರುವವರನ್ನೂ ಮಾತಾಡಿಸಬೇಕಿತ್ತು. ಹಾಗೆ ಸಿಕ್ಕವರು ತಾಂಡೂರಿನ ಖಾಜಾಸಾಬರು. ಹವಾಲ್ದಾರರಾಗಿದ್ದು ಆಗಷ್ಟೇ ನಿವೃತ್ತರಾಗಿ ಫರಸಿ ಕಲ್ಲಿನ ಕಾರ್ಖಾನೆಯೊಂದರಲ್ಲಿ ಕಾವಲಿಗಿದ್ದರು. ಗಡಿಯಲ್ಲಿ ನೆಲಬಾಂಬು ಸಿಡಿದು ಸತ್ತ ಸಂಗಮೇಶ ಎಂಬ ಹುಡುಗನ ಪೆಟ್ಟಿಗೆಯ ಜೊತೆ ಅವನ ಹಳ್ಳಿಯ ತನಕ ಬಂದವರು ಅವರೇ. ಕಾರ್ಖಾನೆಯ ಗೇಟಿನ ಹತ್ತಿರ ಕಲ್ಲಿನ ಚಪ್ಪಡಿಗಳ ಮೇಲೆ ಕೂತು ಮಾತಾಡಿದೆವು.

‘ಸಂಗು ನಮ್ಮ ಕಡಿ ಹುಡುಗ ನೋಡ್ರಿ ಮೇಡಂ. ಪಲ್ಟನ್ನಿನ್ಯಾಗ ಕನ್ನಡ ಮಾತಾಡವ್ರು ನಾವಿಬ್ರೇ ಇದ್ವಿ. ಅಲ್ಲಿ ಕುಂತ್ರ ತಾಂಡೂರು, ಕಲ್ಹೇರು ಎರಡೂ ಒಂದೇ ಓಣಿ ಅನಸ್ತಿತ್ತು. ನನಗ ಮಾಮಾ ಅಂತಿದ್ದ. ಗಸ್ತಿಗಿ ಹೋಗೋ ಮುಂದ ಕೊಳ್ಳಾಗಿನ ಬೆಳ್ಳಿ ಕರಡಗಿ ತಗದು ನನ್ನ ಕೈಯಾಗ ಕೊಡ್ತಿದ್ದ. ಬಂದೂಕಿಗಿ ಬಡದು ಸಪ್ಪಳ ಆಗ್ತದ, ಬಿಸಲಿಗಿ ಹೊಳೀತದ ಅಂತ ನಮ್ಮ ಸಾಹೇಬ್ರು ಹೇಳಿದ್ರು. “ಖಾಜಾ ಮಾಮಾ, ಅಮಾನತ್ ಅದ, ಜ್ವಾಕಿ” ಅಂತಿದ್ದ. ತಿರುಗಿ ಬಂದ ಕೂಡ್ಲೇ ಕೈಕಾಲು ತೊಳಕೊಂಡು ಇಸಗೋತಿದ್ದ. ಆ ದಿನ ಇಸಗೊಳ್ಳಾಕ ಬರಲಿಲ್ಲ.’

ಕರಡಿಗೆಯೆಂದರೆ ಇಷ್ಟಲಿಂಗವನ್ನಿಟ್ಟು ಕೊರಳಿಗೆ ಹಾಕಿಕೊಳ್ಳುವ ಪುಟ್ಟ ಡಬ್ಬಿ. ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು, ಕೊಟ್ಟವರಿಗೆ ತಿರುಗಿ ಮುಟ್ಟಿಸಲೇಬೇಕಾದದ್ದು. ಅದನ್ನೇನು ಮಾಡಿದಿರಿ ಎಂದು ಕೇಳಿದೆ.

‘ಅಮಾನತ್ ಮುಳಗಿಸಬಾರದ್ರಿ. ಕೊಟ್ಟವ ಹೋದ್ರ ಅವನ ತಾಯಿಗಿ ಮುಟ್ಟಬೇಕು. ಮಣ್ಣಿನ ದಿನ ಅಷ್ಟ ಮಂದಿ ಸೇರಿದ್ರು, ಲೀಡರ್ ಲೋಗ್, ಟಿವಿಯವ್ರು. ಆ ತಾಯಿ ತನಕ ಹೋಗಾಕ ಆಗಲಿಲ್ಲ. ಅದಕ ಆಮ್ಯಾಲ ಸ್ವಚ್ಛ ರುಮಾಲಿನ್ಯಾಗ ಕಟ್ಟಿ, ಅವನ ಸಾಮಾನಿನ ಟ್ರಂಕಿನ್ಯಾಗ ಎಲ್ಲಾದ್ರಕಿಂತ ಮ್ಯಾಲ ಇಟ್ಟು ಕಳಸೀನಿ.’ ಹೇಳುವಾಗ ಅವರ ಮುಖದಲ್ಲಿ ಒಂದು ಸಮಾಧಾನವಿತ್ತು. ಇಷ್ಟಾದರೂ ಸರಿಯಾಗಿ ಮಾಡಿದೆನಲ್ಲ ಎಂಬ ಸಮಾಧಾನ.

ನನ್ನ ಕೈ ತಾನಾಗಿ ನನ್ನ ಎದೆಯ ಮೇಲೆ ಹೋಯಿತು. ನನ್ನ ಕೊರಳಲ್ಲೂ ಅದೇ ಇದೆ. ನಮ್ಮ ಲಿಂಗಾಯತರಲ್ಲಿ ಕೂಸು ಹುಟ್ಟಿದಾಗ ಲಿಂಗ ಕಟ್ಟುತ್ತಾರೆ, ಸತ್ತಾಗ ದೇಹವನ್ನು ಕೂತ ಹಾಗೆ ಕೂಡಿಸಿ, ಎಡ ಅಂಗೈಯಲ್ಲಿ ಅದೇ ಲಿಂಗವಿಟ್ಟು, ವಿಭೂತಿ ಪತ್ರಿ ಹಾಕಿ ಮಣ್ಣು ಕೊಡುತ್ತಾರೆ. ಲಿಂಗ ಹಿಂದೆ ಉಳಿಯುವುದಿಲ್ಲ, ಉಳಿಯಬಾರದು. ಖಾಜಾಸಾಬರ ಪದ್ಧತಿಯಲ್ಲಿ ಸತ್ತವನ ಜೊತೆ ಬಿಳಿ ಬಟ್ಟೆಯ ಹೊರತು ಏನೂ ಹೋಗುವುದಿಲ್ಲ. ಹಾಗೆ ಬೆಳೆದ ಮನುಷ್ಯನಿಗೆ ಪೆಟ್ಟಿಗೆಯಲ್ಲಿ ಬೆಳ್ಳಿಯ ಡಬ್ಬಿ ಇಡಬೇಕೆಂದು ಹೇಗೆ ಹೊಳೆಯಬೇಕು? ಅವರ ಲೆಕ್ಕದಲ್ಲಿ ಅವರು ಮಾಡಿದ್ದು ನೂರಕ್ಕೆ ನೂರು ಸರಿ. ನಾನು ಬಾಯಿ ಬಿಡಲಿಲ್ಲ. ಕೇಳುವುದು ನಮ್ಮ ಕೆಲಸ, ತಿದ್ದುವುದಲ್ಲ.

‘ಮನೆಯವರಿಗೆ ಮುಖ ನೋಡಗೊಟ್ರೇನ್ರಿ?’ ಎಂದು ಕೇಳಿದೆ.

‘ಪೆಟ್ಟಿಗಿ ಸೀಲ್ ಇತ್ರಿ. ಹುಡುಗ ಪೂರಾ ಇರಲಿಲ್ಲ ಮೇಡಂ, ಅಷ್ಟೇ ಬರಕೋರಿ. ನಾನೇ ಆರಿಸಿ ಒಟ್ಟು ಮಾಡೀನಿ. ಅದರ ಮ್ಯಾಲ ಕೇಳಬ್ಯಾಡ್ರಿ.’

ಅದಾದ ವಾರದೊಳಗೆ ಸಂಗಮೇಶನ ತಾಯಿ ಕಾಶಮ್ಮನ ಮನೆಗೆ ಹೋದೆ. ಅಂಗಳದಲ್ಲಿ ತೊಗರಿ ಕೇರುತ್ತ ನಿಂತಿದ್ದಳು. ಗಟ್ಟಿ ಹೆಂಗಸು. ಹೊಲ, ದನ, ಸೊಸೆ, ಮೊಮ್ಮಕ್ಕಳು ಎಲ್ಲದರ ಮೇಲೂ ಅವಳದೇ ಕಾರುಬಾರು.

‘ಸರ್ಕಾರದವ್ರೇನು?’

‘ಅಲ್ರಿ.’

‘ಹಂಗಾರ ಕುಂದರ್ರಿ.’

ನನ್ನ ಕೊರಳ ಶಿವದಾರ ನೋಡಿದವಳೇ ಮೊರ ಕೆಳಗಿಟ್ಟಳು. ಒಳಗೆ ಹೋಗಿ ದೇವರ ಜಗಲಿಯ ಮೇಲಿಂದ ಒಂದು ಗಂಟು ತಂದಳು. ರುಮಾಲು ಬಿಚ್ಚಿದರೆ ಕರಡಿಗೆ.

‘ಇದು ಮನಿಗಿ ಬಂದದ, ಅವ ಮಣ್ಣಿಗಿ ಹೋಗ್ಯಾನ. ಹಿಂಗ ಎಲ್ಲಿಯಾದ್ರೂ ಆಗ್ತದೇನ್ರಿ ಅಕ್ಕಾ? ಕೂಡಸಲಿಲ್ಲ, ಮಲಗಿಸಿ ಮಣ್ಣ ಕೊಟ್ವಿ. ಮಾರಿ ನೋಡಗೊಡಲಿಲ್ಲ. ಆತು, ಅವರ ಪದ್ಧತಿ ಹಂಗ ಅದ ಅಂತ ಬಾಯಿ ಮುಚಗೊಂಡೆ. ಲಿಂಗ ಅವನ ಕೊಳ್ಳಾಗೇ ಅದ ಅಂತ ತಿಳಕೊಂಡಿದ್ದೆ. ಟ್ರಂಕ್ ತಗದ್ರ ಮ್ಯಾಲೇ ಕುಂತದ. ಲಿಂಗ ಇಲ್ಲದ ನನ್ನ ಮಗ ಅಲ್ಲಿ ಹ್ಯಾಂಗ ಇರಬೇಕು? ಅನ್ನ ಗಂಟಲಾಗ ಇಳೀವಲ್ದು.’

ಅವಳಿಗೆ ಸರ್ಕಾರದಿಂದ ಏನೂ ಬೇಕಿರಲಿಲ್ಲ. ಸ್ಮಾರಕ ಬೇಡ, ಶಾಲೆಗೆ ಹೆಸರು ಬೇಡ. ಬೇಕಾದದ್ದು ಒಂದೇ. ಬರುವ ಅಮಾವಾಸ್ಯೆಗೆ ಹೊಲದಲ್ಲಿರುವ ಸಮಾಧಿ ತೆಗೆಸಿ, ಪೆಟ್ಟಿಗೆ ಒಡೆಸಿ, ಮಗನ ಎಡ ಅಂಗೈಯಲ್ಲಿ ತಾನೇ ಲಿಂಗ ಇಡಬೇಕು. ಪೂಜೆ ಮಾಡಿಸುವ ಊರ ಅಯ್ಯನವರು ಒಪ್ಪಿದ್ದರು. ಪೆಟ್ಟಿಗೆ ಒಡೆಯಲು ಬಡಿಗನಿಗೂ ಹೇಳಿಯಾಗಿತ್ತು.

‘ನಾನೇ ಇಡ್ತೀನಿ. ಕಟ್ಟಿದಾಕಿ ನಾನೇ, ಇಡಾಕಿನೂ ನಾನೇ’ ಅಂದಳು.

ಹುಡುಗ ಪೂರಾ ಇರಲಿಲ್ಲ ಎಂಬ ಮಾತು ನನ್ನ ಚೀಲದಲ್ಲಿನ ರೆಕಾರ್ಡರಿನಲ್ಲಿತ್ತು. ಇವಳೋ ಅಂಗೈ ಹುಡುಕಲು ಹೊರಟಿದ್ದಾಳೆ. ನಾನು ಎದ್ದು ಹಿತ್ತಲಿಗೆ ಹೋದೆ.

ಹಿತ್ತಲಲ್ಲಿ ಅವಳ ಹಿರಿಯ ಮಗ ಶರಣಪ್ಪ ಟ್ರ್ಯಾಕ್ಟರಿನ ಗಾಲಿ ತೊಳೆಯುತ್ತಿದ್ದ. ನನ್ನನ್ನು ನೋಡಿ ನೀರು ನಿಲ್ಲಿಸಿದ. ‘ಒಂದ್ ಮಾತ ಹೇಳ್ಲಿರೀ? ಪೆಟ್ಟಿಗಿ ಹೊರಾಕ ನಾ ಹೆಗಲ ಕೊಟ್ಟೀನಿ. ಒಂದ್ ಕಡಿ ವಜ್ಜಿತ್ತು, ಇನ್ನೊಂದ ಕಡಿ ಹಗರಿತ್ತು. ಒಳಗ ಮನುಷ್ಯಾ ಮಲಗ್ಯಾನ ಅಂತ ಅನಸಲಿಲ್ರಿ ನನಗ.’

‘ಅವ್ವಗ ಹೇಳೀರೇನು?’

‘ಹ್ಯಾಂಗ ಹೇಳ್ಲಿ? ಹೇಳಿದ್ರ ಅಮಾಸಿ ತನಕನೂ ನಿಲ್ಲಂಗಿಲ್ಲ, ಈಗೇ ತಗೀ ಅಂತಾಳ.’

‘ಬ್ಯಾಡ ಅನ್ನಬೇಕಪ್ಪ.’

‘ಅವ್ವಗ ಬ್ಯಾಡ ಅನ್ನವ್ರು ಈ ಊರಾಗ ಇನ್ನಾ ಹುಟ್ಟಿಲ್ರಿ’ ಅಂದವನು ತಿರುಗಿ ಗಾಲಿಗೆ ನೀರು ಬಿಟ್ಟ. ಅಳುತ್ತಿದ್ದ, ನೀರಿನ ಸಪ್ಪಳದಲ್ಲಿ ಕೇಳದಿರಲಿ ಎಂದು.

ಊರ ಹೊರಗೆ ಬಂದು ಕರ್ನಲ್ ಸಾಹೇಬರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಖಾಜಾಸಾಬರನ್ನು ಕರೆತರಲು ಅನುಮತಿ ಕೇಳಿದೆ. ‘ನಾನೂ ಇಂಥ ಪೆಟ್ಟಿಗೆಗಳ ಪಕ್ಕ ನಿಂತವನು, ನೀಲಾ. ಮುಚ್ಚಿ ಕಳಿಸುವುದು ಏನನ್ನೋ ಬಚ್ಚಿಡಲಿಕ್ಕಲ್ಲ. ತಾಯಿಯ ಕಣ್ಣಿಗೆ ಬೀಳಬಾರದು ಅಂತ’ ಎಂದರು. ಆಮೇಲೆ ದನಿ ಗಟ್ಟಿಯಾಯಿತು. ‘ಆದರೂ ಆಗುವುದಿಲ್ಲ. ಒಬ್ಬರ ಮಾತು ಇನ್ನೊಬ್ಬರಿಗೆ ಒಯ್ದರೆ ಇದು ಅಧ್ಯಯನವಲ್ಲ, ಚಾಡಿ. ಈ ಮನೆಯ ಪ್ರಕರಣವನ್ನೇ ನಾನು ತೆಗೆದುಹಾಕಬೇಕಾಗುತ್ತದೆ.’

‘ತೆಗೀರಿ ಸರ್,’ ಅಂದೆ. ‘ನಿಮ್ಮ ಅಧ್ಯಯನಕ್ಕೆ ಒಂದು ಮನೆ ಕಡಿಮೆಯಾದರೆ ಆಕಾಶ ಕಳಚಿ ಬೀಳುವುದಿಲ್ಲ. ಅಮಾವಾಸ್ಯೆ ದಿನ ಆ ಪೆಟ್ಟಿಗೆ ತೆಗೆದರೆ ಇಲ್ಲಿ ಬೀಳುತ್ತದೆ.’

ಫೋನ್ ಇಟ್ಟರು. ಹೇಳಿದ ಹಾಗೆ ಪ್ರಕರಣ ತೆಗೆದೂ ಹಾಕಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ನಿಯಮ ಸರಿಯಾದದ್ದೇ. ನೀವೂ ಪಾಲಿಸಿ. ನಾನು ಅವತ್ತು ಪಾಲಿಸಲಿಲ್ಲ, ಇವತ್ತು ಅದೇ ಸ್ಥಿತಿ ಬಂದರೂ ಪಾಲಿಸುವುದಿಲ್ಲ.

ತಾಂಡೂರಿಗೆ ಹೋಗಿ ಖಾಜಾಸಾಬರಿಗೆ ನಮ್ಮ ಪದ್ಧತಿ ಹೇಳಿದೆ. ಕಾಶಮ್ಮ ಏನು ಮಾಡಹೊರಟಿದ್ದಾಳೆ ಎಂಬುದನ್ನೂ ಹೇಳಿದೆ. ಅವರು ಅಂಗಿಯ ಜೇಬಿನ ಮೇಲೆ ಕೈ ಇಟ್ಟುಕೊಂಡರು.

‘ಯಾ ಅಲ್ಲಾ. ಜೇಬಿನ್ಯಾಗೇ ಇತ್ರಿ ಮೇಡಂ. ಪೆಟ್ಟಿಗಿ ಮುಚ್ಚೋ ಮುಂದ ನನ್ನ ಜೇಬಿನ್ಯಾಗೇ ಇತ್ತು. ಕೈ ಚಾಚಿದ್ರ ಮುಗೀತಿತ್ತು.’ ಅದನ್ನೇ ತಿರುತಿರುಗಿ ಹೇಳಿದರು. ನಿಮ್ಮ ತಪ್ಪಲ್ಲ ಎಂದರೆ ಕಿವಿಗೇ ಹಾಕಿಕೊಳ್ಳಲಿಲ್ಲ. ‘ನಾ ಬರ್ತೀನಿ. ಆ ತಾಯಿ ಎದುರು ನಿಂತು ಖರೆ ಏನದ ಅದನ್ನ ನಾನೇ ಹೇಳ್ತೀನಿ. ಪೆಟ್ಟಿಗಿ ತಗೀಬ್ಯಾಡ್ರಿ ಅಂತ ಕಾಲ ಹಿಡೀತೀನಿ.’

ಅಮಾವಾಸ್ಯೆಯ ಹಿಂದಿನ ದಿನ ಬಾಡಿಗೆ ಜೀಪಿನಲ್ಲಿ ಹೊರಟೆವು. ದಾರಿಯುದ್ದ ಹೇಳಬೇಕಾದದ್ದನ್ನು ತಮ್ಮಷ್ಟಕ್ಕೆ ಹೇಳಿ ನೋಡಿಕೊಳ್ಳುತ್ತಿದ್ದರು, ತುಟಿ ಅಲುಗುತ್ತಿತ್ತು. ನಾರಾಯಣಖೇಡ ದಾಟಿದ ಮೇಲೆ ಅದೂ ನಿಂತಿತು.

ಅಂಗಳದಲ್ಲಿ ಕಾಶಮ್ಮ, ಶರಣಪ್ಪ, ಅಯ್ಯನವರು ಮೂವರೂ ಇದ್ದರು. ನಾಳೆಗೆ ಪತ್ರಿ, ವಿಭೂತಿ ತಂದಿಟ್ಟಿದ್ದರು. ಖಾಜಾಸಾಬರು ಬೂಟು ಬಿಚ್ಚಿ ಒಳಬಂದು ಸಾಹೇಬರ ಎದುರು ನಿಂತ ಹಾಗೆ ನೆಟ್ಟಗೆ ನಿಂತರು. ನಾನು ಪರಿಚಯ ಹೇಳುವ ಮೊದಲೇ ಕಾಶಮ್ಮ ಗುರುತಿಸಿದಳು.

‘ಖಾಜಾ ಮಾಮಾ ಅಂದ್ರ ನೀನೇ ಏನು? ಫೋನಿನ್ಯಾಗ ದಿನಾ ನಿನ್ನ ಮಾತೇ ಹೇಳ್ತಿದ್ದ. ಅವಗ ಮಾಮಾ ಆದ್ರ ನನಗ ತಮ್ಮ ಆದಿ. ಕುಂದುರು.’

ಅವರು ಕೂತರು. ‘ಅಕ್ಕಾ, ಗುನ್ಹಾ ನಂದದ. ಅಮಾನತ್ ಅಂತ ನಿಮಗ ಕಳಸಿದೆ. ಅವನ ಸಂಗಾಟ ಇಡಬೇಕಂತ ಗೊತ್ತಿರಲಿಲ್ಲ.’

‘ನೀ ಏನ್ ಇಟಗೊಂಡಿಲ್ಲ, ಕಳಕೊಂಡಿಲ್ಲ. ಮನಿಗಿ ಮುಟ್ಟಸೀದಿ. ಅದರಾಗ ಗುನ್ಹಾ ಏನಾತು? ಅದು ಬಿಡು. ನನಗ ಒಂದ್ ಹೇಳು. ಪೆಟ್ಟಿಗಿ ಮುಚ್ಚಿದವ ನೀನೇ?’

‘ನಾನೇ ಅಕ್ಕಾ.’

‘ಅವನ ಕೈ ಹ್ಯಾಂಗಿದ್ವು?’

ಶರಣಪ್ಪ ತಲೆ ತಗ್ಗಿಸಿದ. ನಾನು ಖಾಜಾಸಾಬರ ಮುಖ ನೋಡಿದೆ. ಇಷ್ಟು ದೂರ ಬಂದದ್ದೇ ಈ ಮಾತಿಗೆ. ತೊಡೆಯ ಮೇಲೆ ಕೈ ಜೋಡಿಸಿಕೊಂಡು ಕೂತಿದ್ದರು, ಕಾಶಮ್ಮ ಅದನ್ನೇ ನೋಡುತ್ತಿದ್ದಳು.

‘ಜೋಡಿಸಿ ಕಟ್ಟೀನಿ ಅಕ್ಕಾ’ ಅಂದರು.

‘ಎರಡೂ?’

‘ಎರಡೂ. ಎದಿ ಮ್ಯಾಲ ಜೋಡಿಸಿ, ಬಿಳಿ ಬಟ್ಟಿಲೆ ಸುತ್ತಿ ಕಟ್ಟೀನಿ.’

‘ಶರಣು ಮಾಡಿದಂಗ?’

‘ಹೂಂ ಅಕ್ಕಾ. ಶರಣು ಮಾಡಿದಂಗ.’

ಕೋಳಿಯೊಂದು ಹರವಿದ ತೊಗರಿಯ ಮೇಲೆ ಓಡಾಡಿತು, ಯಾರೂ ಓಡಿಸಲಿಲ್ಲ. ಕಾಶಮ್ಮ ಅವರನ್ನು ನೋಡುತ್ತಲೇ ಇದ್ದಳು. ಕಡೆಗೆ ಸೆರಗಿನಿಂದ ಮುಖ ಒರೆಸಿಕೊಂಡು ಮಗನ ಕಡೆ ತಿರುಗಿದಳು.

‘ಬಡಿಗಗ ಬರಬ್ಯಾಡ ಅಂತ ಹೇಳು. ಪೆಟ್ಟಿಗಿ ತಗ್ಯಾದು ಬ್ಯಾಡ. ಶರಣು ಮಾಡಿದ ಕೈ ಬಿಡಸಬಾರದು.’

ಅಯ್ಯನವರು ಗಂಟಲು ಸರಿಮಾಡಿಕೊಂಡರು. ‘ಹಂಗ ಬರೂದಿಲ್ಲ ಕಾಶವ್ವ. ಅಂಗೈಯಾಗ ಇಡಬೇಕು, ಅದೂ ಎಡ ಅಂಗೈ. ಶಾಸ್ತ್ರ ಅದ.’

‘ಅಯ್ಯನವ್ರ, ಸಂಗು ಕೂಸಿದ್ದಾಗ ನೀವೇ ಬಂದು ಇದನ್ನ ಕಟ್ಟಸೀರಿ. ಆವಾಗ ಕೂಸು ಇದನ್ನ ಅಂಗೈಯಾಗ ಹಿಡದಿತ್ತೇನ್ರಿ? ಎದಿ ಮ್ಯಾಲೇ ಇತ್ತು. ಈಗೂ ಎದಿ ಮ್ಯಾಲೇ ಇರಲಿ. ನನ್ನ ಪಾಲಿಗಿ ಅವ ಇನ್ನಾ ಕೂಸೇ.’ ಅಯ್ಯನವರು ಪತ್ರಿ, ವಿಭೂತಿ ಕೈಗೆತ್ತಿಕೊಂಡರು.

ಅಮಾವಾಸ್ಯೆಗೂ ಕಾಯಲಿಲ್ಲ, ಆ ಮಧ್ಯಾಹ್ನವೇ ಹೊಲಕ್ಕೆ ಹೋದೆವು. ಶರಣಪ್ಪ ಸಮಾಧಿಯ ಮೇಲಿನ ಮಣ್ಣು ಸರಿಸಿ, ಎದೆ ಬರುವ ಜಾಗ ಅಂದಾಜು ಮಾಡಿ ಸಣ್ಣ ಕುಳಿ ತೋಡಿದ. ಸಲಿಕೆಗೆ ಪೆಟ್ಟಿಗೆಯ ಹಲಗೆ ತಾಗಿದ ಕೂಡಲೇ ಕೈ ತೆಗೆದ. ಕಾಶಮ್ಮ ಲಿಂಗ ಇಡಲು ಬಗ್ಗಿದವಳು ತಿರುಗಿ ಖಾಜಾಸಾಬರನ್ನು ಕರೆದಳು.

‘ನಿನ್ನ ಹಂತ್ಯಾಕ ಕೊಟ್ಟು ಹೋಗಿದ್ದ ಅಲ್ಲೇನು ತಮ್ಮಾ? ನೀನೇ ತಿರುಗಿ ಕೊಡು.’

ಅವರು ಹಿಂದೆ ಸರಿದರು. ‘ನಾ ಹ್ಯಾಂಗ ಅಕ್ಕಾ?’

‘ಅಲ್ಲಿ ಅವ ಕೊಟ್ಟಾಗೆಲ್ಲಾ ಎದಿಗಿಟ್ಟಗೊಂಡು ತಿರುಗಿದಿ. ಆವಾಗ ಯಾರ ಬ್ಯಾಡ ಅಂದ್ರು?’

ಅಯ್ಯನವರು ಮುಖ ಅತ್ತ ತಿರುಗಿಸಿದರು, ಆದರೆ ವಿಭೂತಿಯ ತಟ್ಟೆ ಚಾಚಿದರು. ಖಾಜಾಸಾಬರು ಮೊಣಕಾಲೂರಿ, ಎರಡೂ ಕೈಯಲ್ಲಿ ಕರಡಿಗೆ ಹಿಡಿದು ಹಲಗೆಯ ಮೇಲಿಟ್ಟರು. ಮೊದಲ ಹಿಡಿ ಮಣ್ಣು ಕಾಶಮ್ಮ ಹಾಕಿದಳು. ಅವಳು ಆಗಲೂ ಅಳಲಿಲ್ಲ. ನಾನು ಅತ್ತುಬಿಟ್ಟೆ, ಎಮ್ಮೆ ನೋಡುವ ನೆಪಕ್ಕೂ ಹೋಗಲಿಲ್ಲ.

ಮನೆಗೆ ಬಂದು ರೊಟ್ಟಿ, ತೊಗರಿ ಬ್ಯಾಳಿ ಉಂಡೆವು. ಟ್ರಂಕ್ ಬಂದ ಮೇಲೆ ಅವ್ವ ಹೊಟ್ಟೆ ತುಂಬ ಉಂಡದ್ದು ಇವತ್ತೇ ಎಂದು ಶರಣಪ್ಪ ನನ್ನ ಕಿವಿಯಲ್ಲಿ ಹೇಳಿದ. ಜೀಪು ಹತ್ತುವಾಗ ಕಾಶಮ್ಮ ಖಾಜಾಸಾಬರ ಹತ್ತಿರ ಬಂದಳು.

‘ಇವತ್ತ ಏನ್ ಹೇಳೀದಿ, ನಾ ಅಷ್ಟೇ ತಿಳಕೊಂಡೀನಿ. ಇನ್ನ ಮ್ಯಾಲ ಯಾರ್ ಕೇಳಿದ್ರೂ ಅದನ್ನೇ ಹೇಳು. ಬದಲ ಮಾಡಬ್ಯಾಡ ತಮ್ಮಾ. ಹೋಗಿ ಬಾ, ಹಬ್ಬಕ್ಕ ಬಾ.’

ನಾರಾಯಣಖೇಡ ದಾಟುವ ತನಕ ಖಾಜಾಸಾಬರು ಕಿಟಕಿಯಾಚೆ ನೋಡುತ್ತಿದ್ದರು. ನನಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಗಿತ್ತು. ಸುಮ್ಮನಿರಲಾರದೆ ಬಾಯಿ ಹಾಕಿದೆ. ‘ಪುಣ್ಯಾ ನೋಡ್ರಿ, ನೀವು ಆ ದಿನ ಕೈ ಜೋಡಿಸಿ ಕಟ್ಟಿದ್ದು ಚಲೋ ಆತು.’

‘ಎಲ್ಲಿಯ ಕೈ ಮೇಡಂ?’ ಅಂದರು.

ನಾನು ಅವರ ಕಡೆ ತಿರುಗಿದೆ.

‘ಎರಡೂ ಸಿಗಲಿಲ್ರಿ. ಕತ್ತಲಾಗೂ ತನಕ ಹುಡಕೀನಿ. ಖರೆ ಹೇಳಾಕೇ ಬಂದಿದ್ದೆ. ಅಕ್ಕ ಹಂಗ ಕೇಳಿದ ಮ್ಯಾಲ ಬಾಯಿಗಿ ಅದೇ ಬಂತು.’

‘ಹೋಗಲಿ ಬಿಡ್ರಿ. ಅವರು ನಂಬ್ಯಾರಲ್ಲ.’

‘ನಂಬಿಲ್ರಿ. ನನ್ನ ಕೈ ನಡಗಾದು ನೋಡ್ಕೋತ ಕುಂತಿದ್ರು. ಕೇಳೋ ಮುಂದ ಅವರಿಗೆ ಗೊತ್ತಾಗ್ಯಾದ, ಕೈ ಇರಲಿಲ್ಲ ಅಂತ.’

‘ಮತ್ಯಾಕ ಒಪ್ಪಿದ್ರು?’

‘ನನ್ನ ಸಲುವಾಗಿ ಒಪ್ಯಾರ ಮೇಡಂ,’ ಅಂದರು ಖಾಜಾಸಾಬರು. ‘ನಾ ಕಂಡಿದ್ದೆಲ್ಲಾ ಬಾಯಿ ಬಿಟ್ಟು ಹೇಳೋ ಹಂಗ ಆಗಬಾರದು ಅಂತ.’